ಸಂವಾದಕ್ಕೆ ಮೊದಲು ಎರಡು ಮಾತು

ನನಗೆ ಭಾಷಣವೆಂದರೆ ಆಗುವುದಿಲ್ಲ. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದವನು ನಾನು. ಅಲ್ಲಿನ ರಾಜ್ಯೋತ್ಸವಗಳಲ್ಲಿ ಕೇಳಿದ ಭಾಷಣಗಳಿಗೇ ಪ್ರತ್ಯೇಕ ಪಿಂಚಣಿ ಕೊಡಬೇಕಿತ್ತು. ಆದ್ದರಿಂದಲೇ ತಿಂಗಳಿಗೊಮ್ಮೆ ಸಂವಾದ ನಡೆಸುವ ಟ್ರಸ್ಟೊಂದರವರು ವರ್ತೂರಿನ ನಮ್ಮ ಅಪಾರ್ಟ್‌ಮೆಂಟಿಗೆ ಬಂದಾಗ ಮೊದಲು ಕೈ ಎತ್ತಿದವನೂ ನಾನೇ.

ಇತಿಹಾಸ, ಸಾಹಿತ್ಯ, ಊರಿನ ನೆನಪು ಇವೆಲ್ಲ ಕಾಲೇಜಿನ ಗೋಡೆಯೊಳಗೇ ಉಳಿಯಬಾರದು, ಜನ ಕೂತು ಮಾತಾಡಬೇಕು ಎನ್ನುವುದು ಅವರ ಆಸೆ. ಪುಸ್ತಕ ಕೊಡುತ್ತಾರೆ, ಹಳೆಯ ನಕಾಶೆ ತರುತ್ತಾರೆ, ಚಹಾ ಬಿಸ್ಕತ್ತೂ ಅವರದೇ. ಷರತ್ತು ಇಷ್ಟೇ: ಕುರ್ಚಿಗಳನ್ನು ದುಂಡಗೆ ಹಾಕಬೇಕು, ವೇದಿಕೆ ಇರಬಾರದು, ಊರಿನವರೂ ಅಪಾರ್ಟ್‌ಮೆಂಟಿನವರೂ ಒಬ್ಬರ ಮಾತು ಒಬ್ಬರು ಕೇಳಬೇಕು.

ದುಂಡಗೆ ಹಾಕಿದೆವು. ಆದರೆ ದುಂಡಿಗೂ ಒಂದು ತಲೆ ಹುಡುಕುವುದು ನಮ್ಮವರಿಗೆ ಕಷ್ಟವೇ? ಮೊದಲ ತಿಂಗಳು ಅಧ್ಯಕ್ಷರು ಬಂದರು. ಅಧ್ಯಕ್ಷರಿದ್ದ ಮೇಲೆ ಪ್ರಾರ್ಥನೆ, ಪ್ರಾರ್ಥನೆಯಾದ ಮೇಲೆ ಸ್ವಾಗತ. ಎರಡನೆಯ ತಿಂಗಳು ಹಾರ, ಪೇಟ, ನೆನಪಿನ ಕಾಣಿಕೆ. ಚಹಾ ಆರಿತು, ಸಂವಾದ ಆಗಲಿಲ್ಲ. ಟ್ರಸ್ಟಿನ ಸಂಯೋಜಕಿ ಮೆಲ್ಲಗೆ ಹೇಳಿದರು: "ಸಾರ್, ಮುಂದಿನ ಸಲಾನೂ ಹಿಂಗೇ ಆದ್ರೆ ನಾವು ಬೇರೆ ಏರಿಯಾ ನೋಡ್ಕೋಬೇಕಾಗುತ್ತೆ. ಬೇಜಾರ್ ಮಾಡ್ಕೋಬೇಡಿ." ಮುಂದಿನ ಸಲದ್ದು ನನಗೆ ಬಿಡಿ ಎಂದೆ.

ಮೂರನೆಯ ತಿಂಗಳ ವಿಷಯ, ಈಗ ನೊರೆ ಉಕ್ಕುವ ನಮ್ಮ ವರ್ತೂರು ಕೆರೆ. ಹಿಂದೆ ಕೆರೆಯಂಚಿನಲ್ಲಿ ಸೊಪ್ಪು ಬೆಳೆಯುತ್ತಿದ್ದ, ಈಗ ಎಲ್ಲಿಂದಲೋ ತಂದು ನಮ್ಮ ಗೇಟಿನ ಬಳಿ ಮಾರುವ ಮುನಿಯಮ್ಮನವರನ್ನು ನಾನೇ ಹೋಗಿ ಕರೆದೆ. "ಬತ್ತೀನಿ ಸಾರ್. ನಾವು ಕುಡೀತಿದ್ದಿದ್ದೇ ಆ ನೀರು. ಇವ್ರಿಗೂ ಗೊತ್ತಾಗ್ಲಿ" ಎಂದು ಅವತ್ತಿನ ವ್ಯಾಪಾರ ಬಿಟ್ಟು ಬಂದರು.

ಅಧ್ಯಕ್ಷರಿಲ್ಲ, ಪ್ರಾರ್ಥನೆಯಿಲ್ಲ ಎಂದು ಕಟ್ಟಪ್ಪಣೆ ಮಾಡಿದ್ದೆ. ಮುನಿಯಮ್ಮನವರಿಗೆ ಮಾತ್ರ ಒಂದು ಶಾಲು. ಹಿರಿಯರನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ಹೊದಿಸಿದ ಮೇಲೆ, ಹೊದಿಸಿದ್ದೇಕೆ ಎಂದು ಎರಡು ಮಾತು ಹೇಳಬೇಕಲ್ಲ. ಹೇಳುತ್ತ ಹೇಳುತ್ತ ಭಾಷಣಗಳ ಹಾವಳಿಯ ಕಡೆ ಮಾತು ಹೊರಳಿತು. ಉದ್ದುದ್ದ ಮಾತಾಡುವವರು ಸಂವಾದವನ್ನು ಹೇಗೆ ಕೊಲ್ಲುತ್ತಾರೆಂದು ಬಿಡಿಸಿ ಬಿಡಿಸಿ ವಿವರಿಸಿದೆ. ಎಲ್ಲರೂ ತಲೆದೂಗುತ್ತಿದ್ದರು, ಅದು ತೂಕಡಿಕೆ ಎಂದು ಆಮೇಲೆ ನನ್ನ ಹೆಂಡತಿ ಹೇಳಿದಳು. ಇನ್ನೇನು ಮುನಿಯಮ್ಮನವರು ಬಾಯಿ ತೆರೆಯಬೇಕು, ಬಾಗಿಲಲ್ಲಿ ಯೋಗ ತರಗತಿಯವರು ಚಾಪೆ ಹಿಡಿದು ನಿಂತಿದ್ದರು. ಆರು ಗಂಟೆಯ ಮೇಲೆ ಸಭಾಂಗಣ ಅವರದು.

ನಾಚಿಕೆಯಿಂದ ಮುನಿಯಮ್ಮನವರನ್ನು ಗೇಟಿನವರೆಗೆ ಬಿಡಲು ಹೋದೆ. ಅವರು ಶಾಲು ತೆಗೆದು, ನೀಟಾಗಿ ಮಡಿಸಿ, ನನ್ನ ಹೆಗಲ ಮೇಲೆ ಹಾಕಿದರು.

"ನೀವೇ ಇಟ್ಕಳಿ ಸಾರ್. ಇವತ್ತು ಮಾತಾಡಿದ್ದು ನೀವಲ್ವಾ."

ಟ್ರಸ್ಟಿನವರು ಪ್ರತಿ ತಿಂಗಳೂ ತುಂಬಿಸಿಕೊಳ್ಳುವ ಹಾಳೆಯಲ್ಲಿ ಒಂದು ಪ್ರಶ್ನೆಯಿದೆ: ಸಂವಾದ ನಡೆಯಿತೇ? ಸುಳ್ಳು ಬರೆಯಲೆಂದೇ ಪೆನ್ನು ತೆಗೆದೆ. ಕೈ ಬರಲಿಲ್ಲ. "ನಡೆಯಿತು, ಗೇಟಿನ ಹತ್ತಿರ. ಅವರು ಒಂದು ಮಾತು ಹೇಳಿದರು, ನಾನು ಕೇಳಿದೆ. ಇನ್ನೊಂದು ತಿಂಗಳು ಕೊಟ್ಟು ನೋಡಿ, ಅಲ್ಲೇ ಕುರ್ಚಿ ಹಾಕುತ್ತೇವೆ. ಚಹಾ ಹಂಚುವ ಕೆಲಸ ನನ್ನದು" ಎಂದು ಬರೆದು ಸಹಿ ಹಾಕಿದೆ.