ಲೇಹ್‌ನಲ್ಲಿ ಅಜ್ಜಿಯ ಅರ್ಧ ಪ್ರದಕ್ಷಿಣೆ

ತಪ್ಪು ನನ್ನದೇ ಎಂದು ಮೊದಲೇ ಹೇಳಿಬಿಡುತ್ತೇನೆ. ಲೇಹ್‌ನಿಂದ ತಂದ ಧೂಪದ ಸೊಪ್ಪಿಗೆ ಇಲ್ಲಿ ವಿಲಾಯಿತಿಯಲ್ಲಿ, ಎಜ್‌ಬಾಸ್ಟನ್ನಿನ ನನ್ನ ಬಾಡಿಗೆ ಕೋಣೆಯಲ್ಲಿ, ಕಿಟಕಿಯನ್ನೂ ತೆರೆಯದೆ, ಬೆಂಕಿ ತಾಗಿಸಿದವನು ನಾನು. ಹೊಗೆಯ ಅಲಾರಂ ಊಳಿಟ್ಟಿತು. ಇಡೀ ಕಟ್ಟಡದ ಜನ ಚಪ್ಪಲಿಯಲ್ಲೇ ಫುಟ್‌ಪಾತಿಗೆ ಇಳಿದರು. ಅಲಾರಂ ಕೂಗಿದ್ದನ್ನೂ, ನೈಟ್ ಶಿಫ್ಟ್ ಮುಗಿಸಿ ಮಲಗಿದ್ದ ನರ್ಸ್ ಬೈದದ್ದನ್ನೂ ಅಲ್ಲೇ ಅಣಕಿಸಿ ತೋರಿಸಿದೆ. ಯಾರೂ ನಗಲಿಲ್ಲ. ನನ್ನ ಮನಸ್ಸಾದರೂ ಅಲ್ಲಿರಲಿಲ್ಲ, ಆ ವಾಸನೆ ನನ್ನನ್ನು ಎರಡು ಬೀದಿಯಾಚೆಯ, ಈಗ ಬೇರೆಯವರದಾದ ಅಜ್ಜನ ಮನೆಗೆ ಕರೆದೊಯ್ದಿತ್ತು.

ಆ ಮನೆಯಲ್ಲಿ ಸೋಮವಾರ ಸಂಜೆ ಅಜ್ಜಿ ಲೋಬಾನದ ಹೊಗೆ ಹಾಕುತ್ತಿದ್ದಳು. ಆಸ್ಪತ್ರೆಯಿಂದ ಬಂದ ಡಾಕ್ಟರ್ ಅಜ್ಜ ಕೋಟನ್ನೂ ಬಿಚ್ಚದೆ ಕುರ್ಚಿ ಹತ್ತಿ, ಅಲಾರಂಗೆ ಟವೆಲಿನಿಂದ ಗಾಳಿ ಬೀಸುತ್ತಿದ್ದ. ಅಡುಗೆಮನೆಯ ಗೋಡೆಯಲ್ಲಿ ಹಳೆಯ ಕ್ಯಾಲೆಂಡರಿನ ಒಂದೇ ಹಾಳೆ: ಬೋಳು ಬೆಟ್ಟ, ಅದರ ಮೈಗಂಟಿದ ಲೇಹ್ ಅರಮನೆ, ಕೆಳಗೊಂದು ಬಿಳಿ ಸ್ತೂಪ. ರಿಟೈರ್ ಆದಮೇಲೆ ಇಬ್ಬರೂ ಅಲ್ಲಿಗೆ ಹೋಗುವುದೆಂದು ಮಾತಾಗಿತ್ತು. ಭಾನುವಾರ ಟಿವಿಡೇಲಿನ ಬಾಲಾಜಿ ಗುಡಿಗೆ ಹೊರಟರೆ, ಕಾರು ಕಲಿಯುತ್ತಿದ್ದ ಅಜ್ಜಿಯ ಕೈಗೆ ಸ್ಟೀರಿಂಗ್. ಪಕ್ಕದಲ್ಲಿ ಅಜ್ಜ ಉಸಿರು ಬಿಗಿಹಿಡಿದು, "ಸರೋಜಾ, ಒನ್‌ವೇ ಐತಿ!" ಎನ್ನುತ್ತಿದ್ದ. ಹಿಂದಿನ ಸೀಟಿನಿಂದ ನಾನು ಅದೇ ದನಿಯಲ್ಲಿ ಅದನ್ನೇ ಹೇಳುತ್ತಿದ್ದೆ. ಅಜ್ಜಿ ಇಬ್ಬರ ಮಾತನ್ನೂ ಕೇಳುತ್ತಿರಲಿಲ್ಲ. ಅಜ್ಜನಿಗೆ ನಗು ತಡೆಯಲಾಗುತ್ತಿರಲಿಲ್ಲ.

ರಿಟೈರಾದ ವರ್ಷವೇ ಅಜ್ಜ ತೀರಿಕೊಂಡ. ಮನೆ ಮಾರಾಟವಾಗಿ ಅಜ್ಜಿ ನಮ್ಮಲ್ಲಿಗೆ ಬಂದಳು. ನಾನು ಅಜ್ಜನಂತೆ ಮಾತಾಡಿ ತೋರಿಸಿದ ದಿನ, "ಯಾರ ದನಿರ ತಗಿಯೋ, ಬ್ಯಾಡ ಅನ್ನೂದಿಲ್ಲ. ಅವರದೊಂದು ತಗೀಬ್ಯಾಡ," ಎಂದಳು. ಆಮೇಲೆ ನಾನು ಅದನ್ನು ತೆಗೆಯಲಿಲ್ಲ. ವರ್ಷಗಳ ಮೇಲೆ, ಒಬ್ಬನೇ ಇದ್ದಾಗ ಹಾಗೇ ಪ್ರಯತ್ನಿಸಿದರೆ ಅಜ್ಜನ ಬದಲು ಅಪ್ಪನ ದನಿ ಬಂತು. ಹೆದರಿಕೆಯಾಯಿತು. ಆ ಮನೆಯಿಂದ ನಾನು ಹೊತ್ತು ತಂದದ್ದು ಅಜ್ಜನ ದನಿಯೊಂದೇ. ಅದೂ ಗಂಟಲಲ್ಲೇ ಕಳೆದುಹೋಗುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಅಜ್ಜಿಯನ್ನು ಲೇಹ್‌ಗೆ ಕರೆದೊಯ್ದೆ. ಡಾಕ್ಟರ ಹೆಂಡತಿಯಲ್ಲವೇ, ಮೊದಮೊದಲು ಹಾಸಿಗೆ ಬಿಡದೆ ಮೈಯನ್ನು ಆ ಎತ್ತರಕ್ಕೆ ಪಳಗಿಸಿಕೊಂಡಳು. ಬಂದ ದಿನವೇ ಮೆಟ್ಟಿಲು ಹಾರಿ ಏದುಸಿರು ಬಿಟ್ಟ ಶೂರ ನಾನು. ಒಂದು ಬೆಳಿಗ್ಗೆ ಹಳೇ ಊರಿನ ಓಣಿಗಳಲ್ಲಿ ಧೂಪದ ಹೊಗೆ ಏಳುತ್ತಿದ್ದಾಗ, ಕ್ಯಾಲೆಂಡರಿನ ಆ ಬಿಳಿ ಸ್ತೂಪದ ಮುಂದೆ ನಿಂತೆವು. ಮುದುಕಿಯರು ಪ್ರಾರ್ಥನಾಚಕ್ರ ತಿರುಗಿಸುತ್ತ ಅದನ್ನು ಸುತ್ತುತ್ತಿದ್ದರು. ಅಜ್ಜಿಯೂ ಸೆರಗು ಹೊದ್ದು ಸೇರಿಕೊಂಡಳು. ಅರ್ಧ ಸುತ್ತಿದವಳು ಗಕ್ಕನೆ ತಿರುಗಿ, ಎದುರು ಬರುವವರ ನಡುವೆ ನುಗ್ಗಿದಳು. ಶಿವನ ಗುಡಿಯಲ್ಲಿ ಅಭಿಷೇಕದ ನೀರು ಹರಿದುಬರುವ ಕಡೆಯನ್ನು ದಾಟಬಾರದು, ಅಲ್ಲಿಂದಲೇ ಹಿಂದಿರುಗಬೇಕು. ಅವಳ ಕಾಲಿಗೆ ಗೊತ್ತಿದ್ದ ಪ್ರದಕ್ಷಿಣೆ ಅದೇ. ಮುದುಕಿಯೊಬ್ಬಳು ನಗುತ್ತ ಕೈಸನ್ನೆಯಲ್ಲಿ ದಾರಿ ತೋರಿಸಿದರೂ ಅಜ್ಜಿ ಜಗ್ಗಲಿಲ್ಲ.

ಯೋಚಿಸುವ ಮೊದಲೇ ನನ್ನ ಬಾಯಿಂದ ಹೊರಟಿತ್ತು: "ಸರೋಜಾ, ಒನ್‌ವೇ ಐತಿ!"

ಅಜ್ಜನದೇ ದನಿ. ಬಿಗಿಹಿಡಿದ ಆ ಉಸಿರನ್ನೂ ಬೆಟ್ಟದ ತೆಳುಗಾಳಿ ಒದಗಿಸಿಕೊಟ್ಟಿತ್ತು. ಅಜ್ಜಿ ನಿಂತಳು. ಕಿವಿ ಹಿಂಡುತ್ತಾಳೆಂದು ನಾನು ಹಿಂದೆ ಸರಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಎಲ್ಲರೂ ಹೋಗುತ್ತಿದ್ದ ಕಡೆಗೆ ತಿರುಗಿ ನಡೆಯುತ್ತಲೇ ಅಂದಳು:

"ಅವರಿದ್ದಾಗ ಒಮ್ಮೆರ ಕೇಳಿದೆನೇನು ನಾ? ಇನ್ನೊಮ್ಮೆ ಅನ್ನು, ಈ ಸಲ ಕೇಳ್ತೀನಿ."