ಶಿವರಾಮಾಚಾರಿ ಆಡದ ಸುಳ್ಳು

ಹಲಗೂರಿನ ಬಸ್ ನಿಲ್ದಾಣದ ಎದುರು, ಸೈಕಲ್ ಶಾಪಿಗೂ ಜೆರಾಕ್ಸ್ ಅಂಗಡಿಗೂ ನಡುವೆ, ಒಬ್ಬ ಮನುಷ್ಯ ಕಾಲು ಮಡಚಿ ಕೂರುವಷ್ಟು ಜಾಗದಲ್ಲಿ ಅಕ್ಕಸಾಲಿ ಶಿವರಾಮಾಚಾರಿಯವರ ಅಂಗಡಿ ಇದೆ. ನಾನು ಹತ್ತಿರದ ಹಳ್ಳಿಯೊಂದರಲ್ಲಿ ಟೀಚರು. ಮಳವಳ್ಳಿ ಬಸ್ಸು ಹೇಳಿದ ಹೊತ್ತಿಗೆ ಬಂದ ದಿನವನ್ನು ನಾನಂತೂ ಕಂಡಿಲ್ಲ. ಹಾಗಾಗಿ ಹನ್ನೊಂದು ವರ್ಷದಿಂದ ಸಂಜೆ ಹೊತ್ತು ಅವರ ಅಂಗಡಿ ಮುಂದಿನ ಬೆಂಚೇ ನನಗೆ ಗತಿ.

ಆಚಾರಿಯವರ ಬಳಿ ಈಗ ಒಡವೆ ಮಾಡಿಸುವವರು ಕಡಿಮೆ. ಮಂಡ್ಯದಲ್ಲಿ ಏಸಿ ಹಾಕಿದ ಅಂಗಡಿಗಳಿವೆ. ಯಂತ್ರದೊಳಗೆ ಒಡವೆ ಇಟ್ಟರೆ ಕ್ಷಣದಲ್ಲಿ ಚೀಟಿ ಬರುತ್ತದೆ. ಬರಲಿ, ಬೇಡವೆಂದವರು ಯಾರು? ಆ ಚೀಟಿಯನ್ನೂ ಹಿಡಿದುಕೊಂಡು ಇಲ್ಲಿಗೇ ಬಂದು "ಇದು ದಿಟವಾ ಆಚಾರ್ರೇ?" ಎಂದು ಕೇಳುವವರನ್ನು ನಾನೇ ನೋಡಿದ್ದೇನೆ.

ಅವರ ಪರೀಕ್ಷೆಗೆ ಒಂದು ಕ್ರಮವಿದೆ. ಮೊದಲು ಒಡವೆಯನ್ನು ಕರಿಯ ಒರೆಗಲ್ಲಿಗೆ ಉಜ್ಜಿ ಗೆರೆ ಎಳೆಯುತ್ತಾರೆ. ಗೆರೆಯ ಮೇಲೆ ಗಾಜಿನ ಕಡ್ಡಿಯಿಂದ ಒಂದು ತೊಟ್ಟು ಆಸಿಡ್ಡು. ಹಿತ್ತಾಳೆಯಾದರೆ ಹಸಿರಾಗಿ ನೊರೆಯೆದ್ದು ಅಳಿಸಿಹೋಗುತ್ತದೆ, ಚಿನ್ನವಾದರೆ ಗೆರೆ ಅಲ್ಲೇ ನಿಲ್ಲುತ್ತದೆ. ಆದರೆ ಗಿಲೀಟು ಒಡವೆಗೆ ಮೈಮೇಲೆಲ್ಲ ಚಿನ್ನದ ನೀರು ಕುಡಿಸಿರುತ್ತಾರಲ್ಲ, ಅದಕ್ಕೇ ಕಾಣದ ಮೂಲೆಯಲ್ಲಿ ಸಣ್ಣ ಅರದಿಂದ ಒಂದು ಗೀರು ಹಾಕಿ, ಒಳಗಿನ ಲೋಹವನ್ನು ಮತ್ತೆ ಉಜ್ಜಿ ನೋಡುತ್ತಾರೆ. ಕೊನೆಗೆ, ಒಡವೆ ಯಾರದ್ದೋ ಅವರಿಗೆ ಮಾತ್ರ ಮೆಲ್ಲಗೆ ಫಲಿತಾಂಶ ಹೇಳುತ್ತಾರೆ. ಗಂಡ ತಂದ ಹೆಂಡತಿಯ ಸರವನ್ನು ಹಾಗೇ ವಾಪಸು ಕಳಿಸಿದ್ದೂ ಉಂಟು.

ಈ ಕೊನೆಯ ನಿಯಮ ಬಂದದ್ದು ಅವರ ಒಂದು ತಪ್ಪಿನಿಂದ. ವಯಸ್ಸಿನ ಕಾಲದಲ್ಲಿ ಕೊತ್ತತ್ತಿಯ ಒಂದು ಮದುವೆ ಮನೆಯಲ್ಲಿ, ಹೆಣ್ಣಿನವರು ತಂದ ಸರ ನೋಡಿ, ಬೀಗರೆಲ್ಲ ಕೂತಿದ್ದಾಗಲೇ "ಇದ್ರಲ್ಲಿ ಅರ್ಧ ತಾಮ್ರ" ಎಂದುಬಿಟ್ಟರಂತೆ. ಸರ ಕೊಂಡ ಕಡೆ ಮೋಸ ಹೋದವನು ಹುಡುಗಿಯ ಅಪ್ಪ; ತಲೆ ತಗ್ಗಿಸಿ ನಿಂತವನೂ ಅವನೇ. "ನಾನ್ ಆಡಿದ್ದು ದಿಟ ಕಣಮ್ಮ. ಆದ್ರೆ ಆವಯ್ಯನ್ ಮೊಕ ಇನ್ನೂ ಕಣ್ಮುಂದೆ ಅದೆ" ಎಂದು ಎಷ್ಟೋ ಸಲ ನನಗೆ ಹೇಳಿದ್ದಾರೆ.

ಈಗ ಹೇಳುವ ಗಂಡ ಹೆಂಡತಿಯ ಹೆಸರು ಬದಲಾಯಿಸಿದ್ದೇನೆ. ಊರು ಪೂರಿಗಾಲಿ ಕಡೆ ಅಂದುಕೊಳ್ಳಿ.

ಶಿವರಾತ್ರಿ ಕಳೆದ ವಾರ, ಒಂದು ಸೋಮವಾರ ಮಹದೇವು ಬಂದ. ಆಲೆಮನೆಯಲ್ಲಿ ಬೆಲ್ಲದ ಪಾಕ ಕಾಯಿಸಿ ಕೈಯೆಲ್ಲ ಸುಟ್ಟ ಕಲೆ. ನನ್ನನ್ನು ನೋಡಿ ಅನುಮಾನಿಸಿದ. "ಮೇಡಮ್ಮೋರು ಎಲ್ಲೂ ಆಡಲ್ಲ, ಯೋಳು" ಎಂದರು ಆಚಾರಿ.

"ನಾಳೀಕೆ ನಮ್ಮನೆವ್ಳು ಓಲೆ ತತ್ತಾಳೆ ಆಚಾರ್ರೇ. ಚಿನ್ನ ಅಂದ್ಬುಡಿ."

"ಚಿನ್ನ ಆದ್ರೆ ಅಂತೀನಿ."

"ಅಲ್ಲ ಅಂತ್ಲೇ ಬಂದಿವ್ನಿ."

ಮದುವೆಯಾದ ಹೊಸದರಲ್ಲಿ ಹೆಂಡತಿ ಮಂಚಮ್ಮನಿಗೆ ಚಿನ್ನದ ಓಲೆ ಹಾಕುತ್ತೇನೆಂದು ಮಾತು ಕೊಟ್ಟಿದ್ದನಂತೆ. ಕೂಡಿಟ್ಟದ್ದೆಲ್ಲ ಅಪ್ಪನ ಕಾಯಿಲೆಗೆ ಹೋಯಿತು. ಸಂತೆಯಲ್ಲಿ ಗಿಲೀಟು ಓಲೆ ಕೊಂಡು, ಚಿನ್ನವೆಂದು ಕೊಟ್ಟ. ಮುಂದಿನ ವರ್ಷ ಬದಲಾಯಿಸಿದರಾಯಿತು ಎಂದುಕೊಂಡ. ಮೂವತ್ತು ವರ್ಷ ಕಳೆದರೂ ಆ ಮುಂದಿನ ವರ್ಷ ಬರಲಿಲ್ಲ. ಈಗ ಮಗಳು ಶಾಲಿನಿಯ ಮದುವೆ. ತಾಯಿಯ ಒಡವೆ ಕರಗಿಸಿ ಮಗಳ ತಾಳಿಯ ಜೊತೆಗೆ ಪೋಣಿಸುವ ಗುಂಡು ಮಾಡಿಸುವುದು ಅವರ ಮನೆಯ ವಾಡಿಕೆ.

"ಈ ಕಲ್ಲು ಮುಂದಿಟ್ಕಂಡು ನಾನ್ ಒಂದಿನ ಸುಳ್ಳಾಡಿಲ್ಲ ಕಣಯ್ಯ" ಎಂದರು ಆಚಾರಿ. "ಅದೂ ಅಲ್ದೆ, ನಿನ್ ಮಗಳ ಕತ್ತಿಗೆ ಇತ್ತಾಳೆ ಕಟ್ಲಾ?"

ಮಹದೇವು ಅಲ್ಲೇ ಕೂತು ಅತ್ತುಬಿಟ್ಟ. ಅಷ್ಟು ವಯಸ್ಸಾದ ಗಂಡಸು ಅಳುವುದನ್ನು ನೋಡಲು ನನಗೆ ಕಷ್ಟವಾಯಿತು. ಸಿಟ್ಟೂ ಬಂತು, ಇಷ್ಟು ವರ್ಷ ಬಾಯಿಗೆ ಏನು ತುರುಕಿಕೊಂಡಿದ್ದೆಯಪ್ಪಾ ಎಂದು.

ಮರುದಿನ ಮಂಚಮ್ಮ ಬಂದಾಗ ಕಿವಿಯಲ್ಲಿ ಬೇವಿನ ಕಡ್ಡಿ ಇತ್ತು. ಓಲೆ ಸೆರಗಿನ ಗಂಟಿನಲ್ಲಿತ್ತು. ಆಚಾರಿ ಅವಳ ಮುಖ ನೋಡದೆ ಓಲೆ ತೆಗೆದುಕೊಂಡು ಉಜ್ಜಿದರು. ಆಸಿಡ್ಡು ಬಿಟ್ಟರು. ಗೆರೆ ನಿಂತಿತು. ಅದೇನು ಹೊಸದಲ್ಲ, ಮೇಲೆ ಕುಡಿಸಿದ ನೀರು. ಹಿಂಬದಿಗೆ ಅರ ಹಾಕಿ ಉಜ್ಜಿದರು. ಗೆರೆ ನಿಂತಿತು. ಇನ್ನೊಂದು ಓಲೆಗೆ ಇನ್ನೂ ಆಳವಾಗಿ ಅರ ಹಾಕಿದರು. ಆಗಲೂ ನಿಂತಿತು. ಆಚಾರಿ ಕನ್ನಡಕ ತೆಗೆದು ಒರೆಸಿಕೊಂಡು ನನ್ನ ಕಡೆ ನೋಡಿದರು.

"ಚಿನ್ನ ಕಣವ್ವ" ಎಂದರು, ತಮಗೇ ನಂಬಿಕೆಯಿಲ್ಲದವರ ಹಾಗೆ.

ಮಂಚಮ್ಮ ನಕ್ಕಳು. "ಇಷ್ಟು ಅರ ಆಕಿದ್ರಿ ಅಂದ್ರೆ ನಮ್ಮೆಜಮಾನ್ರು ಬಂದೋಗವ್ರೆ ಬುಡಿ."

ಆಚಾರಿ ತಲೆ ಬಗ್ಗಿಸಿ ಒರೆಗಲ್ಲು ಒರೆಸತೊಡಗಿದರು. ಅವಳಿಗೆ ಅಷ್ಟು ಸಾಕಾಯಿತು.

"ಅವ್ರು ತಂದ್ಕೊಟ್ಟಿದ್ದು ಮೊದಲ್ನೇ ಮಳೆಗಾಲ್ದಲ್ಲೇ ಕರ್ರಗಾಯ್ತು ಆಚಾರ್ರೇ. ಗದ್ದೇಲಿ ಕಳೆ ಕೀಳೋವಾಗ ಕಿವಿ ಕೀವು ಕಟ್ತು. ನಾನೇನ್ ದಡ್ಡಿಯಾ? ಮೂರು ಮೇಕೆ ಮಾರಿ ಮಳವಳ್ಳೀಲಿ ಅದೇ ನಮೂನೇದ ಮಾಡುಸ್ಕಂಡೆ. ಮೇಕೆ ಎಲ್ಲಮ್ಮಿ ಅಂದ್ರು, ಚಿರತೆ ಒತ್ಕಂಡೋಯ್ತು ಅಂದೆ. ಪಾಪ, ದೊಣ್ಣೆ ಇಡ್ಕಂಡು ಮೂರು ದಿನ ಚಿರತೆ ಉಡುಕುದ್ರು."

ನಾವು ಮೂವರೂ ನಕ್ಕೆವು. ನಾನು ಸುಮ್ಮನಿರಲಾರದೆ "ಅವರಿಗೆ ಹೇಳಿಬಿಡಬಾರದಾ?" ಎಂದೆ.

"ಯೋಳುದ್ರೆ ಇಷ್ಟು ವರ್ಸದ್ ನಾಚ್ಕೆನೆಲ್ಲ ಒಂದೇ ದಿನ ಪಡ್ತಾರೆ ಮೇಡಮ್ಮ. ನಂಗ್ ಬ್ಯಾಡ." ಸೆರಗು ಸರಿಮಾಡಿಕೊಂಡು ನಿಧಾನವಾಗಿ ಹೇಳಿದಳು, "ಆ ಇತ್ತಾಳೇದೂ ಅದೆ. ಬಟ್ಟೇಲಿ ಸುತ್ತಿ ಅಟ್ಟದ ಮ್ಯಾಲೆ ಮಡಗಿವ್ನಿ. ಎಸ್ಯಾಕೆ ಮನ್ಸು ಬರ್ನಿಲ್ಲ. ಅವ್ರು ಆಸೆಪಟ್ಟು ತಂದಿದ್ದು ಅದೇ ಅಲ್ವಾ?"

ನನಗೆ ಬಸ್ಸು ಬಂದು ಹೋದದ್ದೂ ತಿಳಿಯಲಿಲ್ಲ.

ಗುರುವಾರ ಮಹದೇವು ಮತ್ತೆ ಬಂದ. ಅಂಗಡಿ ಮುಂದೆ ನಿಲ್ಲುವ ಮೊದಲೇ ಕೈ ಮುಗಿದ. "ಚಿನ್ನ ಅಂದ್ರಂತೆ ಅಂತ ಇಗ್ತಾ ಬಂದ್ಳು ಆಚಾರ್ರೇ. ಒಂದಿನ ಸುಳ್ಳಾಡದೋರು ನನ್ಗೋಸ್ಕರ ಆಡ್ಬುಟ್ರಲ್ಲ." ಸೊಂಟದಿಂದ ಬೆಳ್ಳಿಯ ಉಡಿದಾರ ಬಿಚ್ಚಿ ಗಲ್ಲಾಪೆಟ್ಟಿಗೆ ಮೇಲಿಟ್ಟ. "ಇದು ನಮ್ಮಪ್ಪಂದು. ಇದ ಮಾರಿ ಗುಂಡಿಗೆ ಚಿನ್ನ ಆಕಿ. ಇತ್ತಾಳೆ ಮಾತ್ರ ಬ್ಯಾಡಿ, ನಿಮ್ ದಮ್ಮಯ್ಯ."

ಆಚಾರಿ ನನ್ನ ಕಡೆ ನೋಡಿದರು. ಅದು ಸುಳ್ಳಲ್ಲವೆಂದರೆ ಮಂಚಮ್ಮನ ಗುಟ್ಟು ಹೋಯಿತು. ಸುಮ್ಮನಿದ್ದರೆ ಬಾಳಿನಲ್ಲಿ ಆಡದ ಸುಳ್ಳೊಂದು ತಲೆಗೆ ಬಂತು. ಸುಳ್ಳಾಡದವರೆಂಬುದು ಅವರು ಜೀವಮಾನವೆಲ್ಲ ಕಾಪಾಡಿಕೊಂಡು ಬಂದ ಹೆಸರು. ಈ ಮನುಷ್ಯನ ಮಟ್ಟಿಗಂತೂ ಅದು ಅವತ್ತಿಗೆ ಮುಗಿಯಿತು.

"ಗುಂಡಿಗೆ ಚಿನ್ನ ಒಂದಿಸ್ಕಂಡಿವ್ನಿ, ಯೋಚ್ನೆ ಮಾಡ್ಬ್ಯಾಡ" ಎಂದರು. "ಈ ಬೆಳ್ಳೀಲಿ ಮಗಳಿಗೆ ಕಾಲುಚೈನು ಮಾಡ್ಕೊಡ್ತೀನಿ. ತಾತಂದು ಅಂತ ಆಕ್ಕಳ್ಳಿ."

ಉಡಿದಾರ ಎತ್ತಿಕೊಳ್ಳುತ್ತಲೇ ಅಭ್ಯಾಸದಂತೆ ಅವರ ಎಡಗೈ ಒರೆಗಲ್ಲನ್ನು ಹತ್ತಿರ ಎಳೆದುಕೊಂಡಿತು. ಮಹದೇವು ಕಣ್ಣೊರೆಸಿಕೊಳ್ಳುತ್ತ ಎದುರಿಗೇ ನಿಂತಿದ್ದ. ಆಚಾರಿ ತಲೆಯೆತ್ತಿ ಅವನ ಮುಖ ನೋಡಿದರು. ಆಮೇಲೆ ಕಲ್ಲನ್ನು ಆಚೆ ಸರಿಸಿ, ಉಡಿದಾರವನ್ನು ಉಜ್ಜಿ ನೋಡದೆಯೇ ಡಬ್ಬಿಗೆ ಹಾಕಿಕೊಂಡರು.