ಮೇಲಿಂದ ಬಂದದ್ದು

ಊರಾಚೆಯ ವಿದ್ಯುತ್ ಸ್ಥಾವರದಲ್ಲಿ ಎಲ್ಲರೂ ಅವಳನ್ನು ಗೋಪುರದಕ್ಕ ಅಂತಲೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಕಾಂಪೌಂಡಿನ ಮೂಲೆಯಲ್ಲಿ ಕಾವಲು ಗೋಪುರ, ಅದರ ತುದಿಗೆ ಗಾಜಿನ ಕೋಣೆ. ಕೋಣೆಯೊಳಗೆ ಒಂದು ಚಕ್ರ ಕಳೆದುಕೊಂಡ ಕುರ್ಚಿ, ಒಂದು ದುರ್ಬೀನು, ಒಂದು ವೈರ್‌ಲೆಸ್ಸು, ಮತ್ತೆ ಅವಳು. ಮಾತಿನ ಮಲ್ಲಿಯಂಥ ಹೆಂಗಸನ್ನು ತಗೊಂಡು ಹೋಗಿ ಒಬ್ಬಳೇ ಅಷ್ಟೆತ್ತರದಲ್ಲಿ ಕೂರಿಸಿದರೆ ಏನಾಗುತ್ತೆ ಹೇಳಿ? ಮಾತೆಲ್ಲ ವೈರ್‌ಲೆಸ್ಸಿಗೆ ಹೋಗುತ್ತಿತ್ತು. ಬೇಲಿಯಾಚೆ ಕರು ಹಾಕಿದ ಹಸು, ಹೊಸ ಸೈಕಲ್ಲು ತಂದ ತೋಟದ ಮಾಲಿ, ಎಲ್ಲ ಸಮಾಚಾರವೂ ಕಂಟ್ರೋಲ್ ರೂಮಿಗೆ ಬಿಸಿಬಿಸಿಯಾಗಿ ತಲುಪುತ್ತಿತ್ತು. ಒಮ್ಮೆ ಮಂಜಿನ ಹಿಂದಿನಿಂದ ಹುಟ್ಟಿ ಬರುತ್ತಿದ್ದ ಚಂದ್ರನನ್ನು ಬೆಂಕಿ ಅಂತ ಹೇಳಿ ಅಗ್ನಿಶಾಮಕದವರನ್ನು ಓಡಿಸಿದ್ದಳು. ಆಮೇಲೆ ಎಷ್ಟೋ ದಿನ ಸಿಕ್ಕಸಿಕ್ಕವರೆಲ್ಲ, ಅಕ್ಕ, ಇವತ್ತು ಚಂದ್ರ ಆರಿದನಾ ಅಂತ ಕಾಲೆಳೆದರು.

ಅವಳೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನು ಅಂತ ತರಬೇತಿಯಲ್ಲಿ ಕಲಿಸಿದ್ದರು. ಗೊತ್ತಿಲ್ಲ ಅನ್ನುವುದಕ್ಕೆ ಅವಳಿಗೆ ಎಳ್ಳಷ್ಟೂ ನಾಚಿಕೆ ಇರಲಿಲ್ಲ.

ನಾಚಿಕೆ ಇದ್ದದ್ದು ಮಗಳ ಮುಂದೆ. ಗಂಡ ತೀರಿಕೊಂಡ ಮೇಲೆ ಈ ಕೆಲಸವೇ ಅನ್ನ ಹಾಕಿದ್ದು ನಿಜ. ಆದರೆ ಮಗಳು ಶಾಲೆಯ ನಾಟಕದಲ್ಲಿ ಮರವಾಗಿ ನಿಂತ ದಿನ ಇವಳಿಗೆ ಪಾಳಿ. ಓಟದಲ್ಲಿ ಬಹುಮಾನ ಬಂದ ದಿನ ಯಾರೋ ಬೇಲಿ ಕತ್ತರಿಸಿದ್ದರು ಅಂತ ಗೇಟು ಬಂದ್. ಹುಡುಗಿ ಸ್ಥಾವರದ ಗೇಟಿಗೆ ‘ನುಂಗೋ ಗೇಟು’ ಅಂತ ಹೆಸರಿಟ್ಟಿದ್ದಳು. ಅಮ್ಮನ ಬುತ್ತಿ ಮನೆಯಲ್ಲೇ ಉಳಿದುಹೋದರೂ ಪಕ್ಕದ ಮನೆಯವರ ಕೈಲಿ ಕಳಿಸುತ್ತಿದ್ದಳೇ ಹೊರತು ಆ ಗೇಟಿನ ಹತ್ತಿರ ತಾನು ಕಾಲಿಟ್ಟವಳಲ್ಲ.

ಈಗ ಆ ಮಗಳಿಗೆ ಮದುವೆ. ಹುಡುಗ ಬಲೂನಿನಲ್ಲಿ ಅಲಂಕಾರ ಮಾಡುವವನು. ಹುಟ್ಟುಹಬ್ಬ, ಅಂಗಡಿ ಉದ್ಘಾಟನೆ, ಯಾವುದಕ್ಕೆ ಕರೆದರೂ ಸ್ಕೂಟರಿನ ತುಂಬ ಬಲೂನು ಕಟ್ಟಿಕೊಂಡು ಹಾಜರು. ಮೊದಲ ಸಲ ಮನೆಗೆ ಬಂದಾಗ ಅವನಿಗೆ ಮಾತೇ ಹೊರಡಲಿಲ್ಲ. ಜೇಬಿನಿಂದ ಒಂದು ಬಲೂನು ತೆಗೆದು ಒಂದೇ ಉಸಿರಿಗೆ ಊದಿ ಅತ್ತೆಯಾಗುವವಳ ಕೈಗೆ ಕೊಟ್ಟುಬಿಟ್ಟ. ಹುಡುಗನ ಉಸಿರು ಗಟ್ಟಿಯಿದೆ, ಆಗಬಹುದು ಅಂತ ಅವಳು ಆಗಲೇ ಒಪ್ಪಿದ್ದಳು. ನೋಂದಣಿ ಕಚೇರಿಯಲ್ಲಿ ಮಧ್ಯಾಹ್ನ ಸಹಿ ಹಾಕುವುದು, ಆಮೇಲೆ ಮನೆಯಂಗಳದಲ್ಲಿ ಊಟ, ಇಷ್ಟೇ ಏರ್ಪಾಡು. ಅರ್ಧ ದಿನದ ರಜೆ ಸಿಕ್ಕಿದೆ, ಈ ಸಲ ಬಂದೇ ಬರ್ತೀನಿ ಅಂತ ಅವಳು ಮಗಳ ಗಲ್ಲ ಹಿಡಿದು ಹೇಳಿದ್ದಳು. ಮಗಳು ‘ಸರಿ ಅಮ್ಮ’ ಅಂದಳು. ಆ ಸರಿಯಲ್ಲಿ ನಂಬಿಕೆ ಇರಲಿಲ್ಲ. ಅದು ತಾಯಿಯ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತ್ತು.

ಮದುವೆಯ ದಿನ ಬೆಳಗ್ಗಿನಿಂದ ಹೊಸ ಬಟ್ಟೆಯ ಚೀಲವನ್ನು ಕುರ್ಚಿಯ ಕೆಳಗಿಟ್ಟು ಕೂತಿದ್ದಳು. ಮಧ್ಯಾಹ್ನ ಹತ್ತಿರವಾಗಿ, ಅರ್ಧ ದಿನದ ಪಾಳಿ ಮುಗಿಯುವುದರಲ್ಲಿತ್ತು. ಆಗ ಊರಿನ ಮೇಲುಗಡೆ ಆಕಾಶದಲ್ಲಿ ಏನೋ ಮಿಂಚಿತು. ದುರ್ಬೀನಿಟ್ಟು ನೋಡಿದಳು. ದೊಡ್ಡದೊಂದು ಬಳೆಯ ಹಾಗೆ ದುಂಡಗಿದೆ, ಬೆಳ್ಳಿ ಬಣ್ಣ, ಬಿಸಿಲಿಗೆ ಕಣ್ಣು ಕೋರೈಸುತ್ತಿದೆ. ರೆಕ್ಕೆಯಿಲ್ಲ, ಸದ್ದಿಲ್ಲ. ನಿಧಾನಕ್ಕೆ ತಿರುಗುತ್ತ ಸ್ಥಾವರದ ಕಡೆಗೇ ಬರುತ್ತಿದೆ.

“ಮೇಲಿಂದ ಒಂದು ಬರ್ತಾ ಇದೆ,” ಅಂತ ವೈರ್‌ಲೆಸ್ಸಿನಲ್ಲಿ ಹೇಳಿದಳು. “ಏನು ಅಂತ ಗೊತ್ತಿಲ್ಲ. ಯಾರದ್ದು ಅಂತಲೂ ಗೊತ್ತಿಲ್ಲ.”

ಇಲ್ಲಿ ಒಂದು ವಿಷಯ ಹೇಳಬೇಕು. ಸ್ಥಾವರದಲ್ಲಿ ಆಗ ‘ಮೇಲಿಂದ’ ಅಂದರೆ ಒಂದೇ ಅರ್ಥ. ಪ್ರಧಾನ ಕಚೇರಿಯ ಮೇಲಿನವರು ಹೇಳದೆ ಕೇಳದೆ ತಪಾಸಣೆಗೆ ಬರುತ್ತಾರೆ ಅಂತ ಸುದ್ದಿಯಾಗಿತ್ತು. ಭದ್ರತೆಯ ಮುಖ್ಯಸ್ಥರನ್ನು ಹಿಂದಿನಿಂದ ಎಲ್ಲರೂ ಸೆಲ್ಯೂಟ್ ಸಾಹೇಬರು ಅನ್ನುತ್ತಿದ್ದರು. ಅವರಿಗೆ ಈ ಸುದ್ದಿ ಕೇಳಿದಂದಿನಿಂದ ತಿಂದ ಅನ್ನ ಮೈಗೆ ಹತ್ತಿರಲಿಲ್ಲ. ದಾರಿಯ ಕಲ್ಲಿಗೆಲ್ಲ ಸುಣ್ಣ ಬಳಿಸಿ, ದಿನಾ ಒಂದು ಹೊಸ ಹೂಗುಚ್ಛ ತರಿಸಿ ನೀರಿನಲ್ಲಿಟ್ಟುಕೊಂಡು ಕಾಯುತ್ತಿದ್ದರು. ಕಂಟ್ರೋಲ್ ರೂಮಿನವನು ‘ಮೇಲಿಂದ’ ಅಂದದ್ದು ಕೇಳಿದ್ದೇ ತಡ, ಕಿವಿ ನಿಮಿರಿಸಿ, ಯಾವ ಬಣ್ಣ ಅಂತ ಕೇಳಿದ. ಬೆಳ್ಳಿ ಬಣ್ಣ ಅಂದಳು. ಸದ್ದು? ಸದ್ದೇ ಇಲ್ಲ ಅಂದಳು. ಸದ್ದೇ ಇಲ್ಲದ ಬೆಳ್ಳಿ ಬಣ್ಣದ ಕಾರು ಅಂದರೆ ತುಂಬ ಮೇಲಿನವರೇ ಇರಬೇಕು ಅಂತ ಅವನು ಎದ್ದೆನೋ ಬಿದ್ದೆನೋ ಅಂತ ಸಾಹೇಬರ ಕೋಣೆಗೆ ಓಡಿದ.

ಗೋಪುರದಿಂದ ಅವಳು ನೋಡುತ್ತಾಳೆ, ದೊಡ್ಡ ಗೇಟು ಹಾರು ಹೊಡೆದಿದೆ. ಕಾವಲಿನವರೆಲ್ಲ ಬೆಲ್ಟು ಬಿಗಿದುಕೊಳ್ಳುತ್ತ ಎರಡು ಸಾಲು ನಿಂತಿದ್ದಾರೆ. ಸಾಹೇಬರು ಹೂಗುಚ್ಛ ಹಿಡಿದು ರಸ್ತೆಯನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದಾರೆ. ಒಬ್ಬನಾದರೂ ಕತ್ತು ಎತ್ತಬೇಡವೇ? ಅಷ್ಟರಲ್ಲಿ ಮುಂದಿನ ಪಾಳಿಯವಳು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು, ಹೊರಡಿ ಅಕ್ಕ, ಮದುಮಗಳು ಕಾಯ್ತಿರ್ತಾಳೆ ಅಂದಳು.

ಅವಳು ಚೀಲ ಎತ್ತಿಕೊಂಡದ್ದೂ ನಿಜ, ಒಂದೆರಡು ಮೆಟ್ಟಿಲು ಇಳಿದದ್ದೂ ನಿಜ. ಹೇಳುವುದನ್ನು ಹೇಳಿ ಆಯಿತಲ್ಲ, ಅವರ ಕಿವಿಗೆ ತಪ್ಪಾಗಿ ಕೇಳಿಸಿದರೆ ನಾನೇನು ಮಾಡಲಿ ಅಂತ ಮನಸ್ಸು ವಾದ ಹೂಡಿತು. ಬಿಡಿಸಿ ಹೇಳಿದರೆ ಗೇಟು ಬೀಳುತ್ತದೆ. ಬಿದ್ದ ಗೇಟು ಯಾವಾಗ ಎದ್ದೀತೋ ಯಾರಿಗೂ ಗೊತ್ತಿಲ್ಲ, ಮದುವೆ ಅಷ್ಟರಲ್ಲಿ ಮುಗಿದಿರುತ್ತದೆ. ಆದರೆ ಕೆಳಗೆ ಯಂತ್ರದ ಶೆಡ್ಡಿನಿಂದ ಕೆಲಸಗಾರರು ಕೈ ಒರೆಸಿಕೊಳ್ಳುತ್ತ ಊಟಕ್ಕೆ ಹೊರಡುತ್ತಿದ್ದರು. ಅವರೂ ಯಾರೋ ಹೆತ್ತ ಮಕ್ಕಳೇ. ಅವಳು ವಾಪಸ್ಸು ಹತ್ತಿ ವೈರ್‌ಲೆಸ್ಸು ಕೈಗೆತ್ತಿಕೊಂಡಳು.

“ಸಾರ್, ಆ ಮೇಲಿನವರಲ್ಲ. ನಿಜವಾಗಲೂ ಮೇಲೆ. ತಲೆ ಎತ್ತಿ ನೋಡಿ ಸಾರ್. ಗೇಟು ಹಾಕಿಸಿ.”

ಹೇಳಿ ಮುಗಿಸಿ ಮುರುಕು ಕುರ್ಚಿಯ ಮೇಲೆ ಕೂತಳು. ಗೇಟು ಹಾಕಿಸಿ ಅಂತ ತನ್ನ ಬಾಯಿಂದಲೇ ಬಂತಲ್ಲ ಅಂತ ನೆನೆದು ಅಳು ಒತ್ತರಿಸಿಕೊಂಡು ಬಂತು. ಅತ್ತಳು. ಹೊಸ ಪಾಳಿಯವಳು ಏನು ಮಾಡಲೂ ತೋಚದೆ ಅವಳ ಬೆನ್ನು ಸವರುತ್ತ ನಿಂತಳು.

ಕೆಳಗೆ ಆಗ ಶುರುವಾಯಿತು ನೋಡಿ. ಸೈರನ್ನು ಕೂಗಿತು, ಗೇಟು ಧಡಾರನೆ ಬಿತ್ತು. ಊಟಕ್ಕೆ ಹೊರಟವರನ್ನು ನೆಲಮಾಳಿಗೆಗೆ ಅಟ್ಟಿದರು. ಸಾಲು ನಿಂತವರು ನಿಂತಲ್ಲೇ ಬೋರಲು ಬಿದ್ದರು. ಬಂದೂಕಿನವರು ಚಾವಣಿಯಿಂದ ಗುರಿ ಹಿಡಿದರು. ಒಳಗೆ ಏನಿದೆಯೋ ಏನೋ, ಯಾರೂ ಹೊಡೀಬೇಡಿ ಅಂತ ಸಾಹೇಬರು ಮಲಗಿಕೊಂಡೇ ಕೂಗಿದರು. ಆ ಬೆಳ್ಳಿ ಬಳೆ ಮಾತ್ರ ಯಾವ ಅವಸರವೂ ಇಲ್ಲದೆ ಎಲ್ಲರ ತಲೆಯ ಮೇಲೆ ಒಂದು ಸುತ್ತು ಹಾಕಿ, ಅಂಗಳದ ಧ್ವಜಕಂಬಕ್ಕೆ ಬಾಲ ಸಿಕ್ಕಿಸಿಕೊಂಡು ಅಲ್ಲೇ ಅಲ್ಲಾಡುತ್ತ ನಿಂತಿತು. ಸಾಹೇಬರು ಪ್ರಧಾನ ಕಚೇರಿಗೆ ಫೋನು ಹಚ್ಚಿದರು. ಪರಿಶೀಲನಾ ದಳ ಬಂದು ನೋಡುವವರೆಗೆ ಒಂದು ನರಪಿಳ್ಳೆಯೂ ಒಳಗೆ ಬರಕೂಡದು, ಹೊರಗೆ ಹೋಗಕೂಡದು ಅಂತ ಅಪ್ಪಣೆಯಾಯಿತು. ಅದು ನಿಜವಾಗಿಯೂ ಮೇಲಿಂದ ಬಂದ ಅಪ್ಪಣೆ.

ಸ್ವಲ್ಪ ಹೊತ್ತಿಗೆ ಗೇಟಿನಾಚೆ ಒಂದು ಸ್ಕೂಟರು ಬಂದು ನಿಂತಿತು. ಮುಂದೆ ಮದುಮಗ, ಹೆಗಲ ಮೇಲೆ ಒಂದು ತುಂಡು ಹಗ್ಗ. ಹಿಂದೆ ಮದುಮಗಳು, ಮದುವೆ ಬಟ್ಟೆಯಲ್ಲಿ, ಕೂದಲೆಲ್ಲ ಗಾಳಿಗೆ ಕೆದರಿ. ಅವನು ಬೆವರು ಒರೆಸಿಕೊಳ್ಳುತ್ತ, ಅದು ನಮ್ಮದು, ಮನೆ ಮೇಲೆ ಹಗ್ಗ ಕಟ್ಟಿ ಹಾರಿಬಿಟ್ಟಿದ್ದ ಗ್ಯಾಸ್ ಬಲೂನಿನ ಬಳೆ ಅಂದ. ಹಾಗಂತ ಯಾರು ಬೇಕಾದರೂ ಹೇಳಬಹುದು ಅಂತ ಸಾಹೇಬರು ಹುಬ್ಬು ಗಂಟಿಕ್ಕಿದರು.

ಗೋಪುರದಕ್ಕ ಮೆಟ್ಟಿಲಿಳಿದು ಗೇಟಿನ ಹತ್ತಿರ ಓಡಿ ಬಂದಳು. ಸರಳಿನ ಆಚೆ ಮಗಳು, ಈಚೆ ತಾಯಿ. ಮಗಳು ಆ ಗೇಟಿಗೆ ಬಂದದ್ದು ಹುಟ್ಟಿದ ಮೇಲೆ ಅದೇ ಮೊದಲು.

“ನೀನು ಹೇಗೂ ಬರೋದಿಲ್ಲ ಅಂದುಕೊಂಡೆ ಅಮ್ಮ,” ಅಂದಳು ಮಗಳು, ತಲೆ ತಗ್ಗಿಸಿ. “ಗೋಪುರದಿಂದಲಾದರೂ ನಿನಗೆ ಕಾಣಲಿ ಅಂತ ಇನ್ನೂ ಮೇಲೆ ಬಿಡು, ಇನ್ನೂ ಮೇಲೆ ಬಿಡು ಅಂತ ನಾನೇ ಇವರ ಜೀವ ತಿಂದೆ. ಹಗ್ಗ ಜಾರಿಬಿಟ್ಟಿತು.”

ತಾಯಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಒಟ್ಟಿಗೇ ಮಾಡಿದಳು. “ಕಂಡಿತು ಕಣೇ,” ಅಂದಳು, “ಎಷ್ಟು ಚೆನ್ನಾಗಿ ಕಂಡಿತು ಅಂದರೆ, ಇಡೀ ಸ್ಥಾವರವೇ ಅಡ್ಡಬಿತ್ತು.” ಸರಳಿನ ಸಂದಿಯಲ್ಲಿ ಕೈ ತೂರಿಸಿ ಮಗಳ ಕೆದರಿದ ಕೂದಲು ಸರಿಮಾಡಿದಳು. ಮಗಳು ಆ ಕೈಯನ್ನು ಹಿಡಿದುಕೊಂಡವಳು ಬಿಡಲೇ ಇಲ್ಲ. ಅಮ್ಮ ಇಲ್ಲದೆ ನಾನು ಸಹಿ ಹಾಕೋದಿಲ್ಲ, ಹಾಕಿದರೆ ಇಲ್ಲೇ ಅಂತ ಹಟ ಹಿಡಿದಳು.

ಅಳಿಯ ಸ್ಕೂಟರು ತಿರುಗಿಸಿಕೊಂಡು ಹೋಗಿ ನೋಂದಣಿ ಅಧಿಕಾರಿಯನ್ನೇ ಕೂರಿಸಿಕೊಂಡು ಬಂದ. ಆಕೆ ದಪ್ಪ ಕನ್ನಡಕದ ಹೆಂಗಸು, ಮೊದಲ ಸಲ ಸ್ಕೂಟರಿನ ಹಿಂದೆ ಕೂತವಳು. ದಾರಿಯುದ್ದಕ್ಕೂ ಅವನಿಗೆ ಬೈಯುತ್ತಲೇ ಬಂದಳು. ಬಂದು ಗೇಟು ನೋಡಿದಳು, ಕಂಬದ ಮೇಲಿನ ಬಳೆ ನೋಡಿದಳು, ಕೈ ಕೈ ಹಿಡಿದು ನಿಂತ ತಾಯಿ ಮಗಳನ್ನು ನೋಡಿದಳು. ಸಾಕ್ಷಿ ಹಾಕುವವರು ನನ್ನ ಕಣ್ಣಿಗೆ ಕಂಡರೆ ಸಾಕು, ಗೇಟಿನ ಯಾವ ಕಡೆ ಇರಬೇಕು ಅಂತ ಎಲ್ಲೂ ಬರೆದಿಲ್ಲ ಅಂದಳು. ಒಂದು ಕಾಗದವೂ ಒಳಗೆ ಬರಕೂಡದು ಅಂತ ಸಾಹೇಬರು ಅಡ್ಡ ಬಂದರು. ಕೊನೆಗೆ ಕಾಗದ ಆಚೆಯೇ ಉಳಿಯಿತು, ತಾಯಿಯ ಕೈ ಮಾತ್ರ ಸರಳಿನ ಆಚೆ ಹೋಗಿ ಸಹಿ ಹಾಕಿತು. ಸಾಲು ನಿಂತ ಕಾವಲಿನವರು ಹೇಗೂ ಇಸ್ತ್ರಿ ಬಟ್ಟೆಯಲ್ಲಿ ಸಿದ್ಧವಾಗಿದ್ದರು. ಯಾರೂ ಹೇಳದೆಯೇ ಸೆಲ್ಯೂಟ್ ಹೊಡೆದರು. ಸಾಹೇಬರು ತಮ್ಮ ಮೈಕೆಳಗೆ ಅಪ್ಪಚ್ಚಿಯಾಗಿದ್ದ ಹೂಗುಚ್ಛವನ್ನು ಕೊಡವಿ, ಸಂಕೋಚದಿಂದಲೇ ಸರಳಿನ ನಡುವೆ ತೂರಿಸಿ ಮದುಮಗಳಿಗೆ ಕೊಟ್ಟರು. ಅಪ್ಪಣೆ ಮೀರಿ ಹೊರಗೆ ಹೋದದ್ದು ಅದೊಂದೇ.

ಪರಿಶೀಲನಾ ದಳ ಬಂದಾಗ ಎಲ್ಲರೂ ನಗುತ್ತಿದ್ದರು. ಹಾಸಿಗೆ ಸುತ್ತಿಕೊಂಡಂಥ ದಪ್ಪ ಉಡುಪಿನ ಅಧಿಕಾರಿಯೊಬ್ಬರು ಉದ್ದ ಕೋಲಿನಿಂದ ಕಂಬದ ಮೇಲಿನದ್ದನ್ನು ಮೆಲ್ಲಗೆ ಇಳಿಸಿದರು. ಮುಟ್ಟಿ ನೋಡಿದರು, ಮೂಸಿ ನೋಡಿದರು. ಇದನ್ನು ಮೊದಲು ಕಂಡವರು ಯಾರು ಅಂತ ಕೇಳಿದರು. ಗೋಪುರದಕ್ಕ ಒಂದು ಹೆಜ್ಜೆ ಮುಂದೆ ಬಂದಳು.

“ಏನು ಅಂತ ಗೊತ್ತಿಲ್ಲ, ಯಾರದ್ದು ಅಂತ ಗೊತ್ತಿಲ್ಲ ಅಂದಿದ್ದೀರಂತೆ. ಈಗ?”

“ಈಗ ಗೊತ್ತು ಸಾರ್,” ಅಂದಳು ಅವಳು. “ಅದು ನನ್ನದು. ನನಗೆ ಅಂತಲೇ ಕಳಿಸಿದ್ದು.”